ಕರಾವಳಿ ಕರ್ನಾಟಕ ಸುತ್ತುವ ಬಗೆ: ಉದ್ದಕ್ಕೆ ರೈಲು–ಬಸ್ಸು, ಅಡ್ಡಕ್ಕೆ ಕಾರು

ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿಯವರೆಗೆ ಹಬ್ಬಿರುವ ನಮ್ಮ ಕರಾವಳಿಯನ್ನು ಮೊದಲ ಸಲ ನೋಡಲು ಹೊರಡುವವರು ಐದು ನಿಮಿಷ ಭೂಪಟವನ್ನು ಎದುರಿಗಿಟ್ಟುಕೊಂಡು ಕುಳಿತರೆ ಅರ್ಧ ಯೋಜನೆ ಅಲ್ಲೇ ಮುಗಿಯುತ್ತದೆ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ; ನಡುವಿನ ಕಿರಿದಾದ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೂ ಉತ್ತರ ಕನ್ನಡದ ಕರಾವಳಿ ತಾಲೂಕುಗಳೂ ಇವೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಮಾರ್ಗ ಈ ಪಟ್ಟಿಯ ಉದ್ದಕ್ಕೂ ಹೆಚ್ಚುಕಡಿಮೆ ಜೊತೆಯಾಗಿಯೇ ಸಾಗುತ್ತವೆ. ಮಂಗಳೂರು, ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಇವೆಲ್ಲವೂ ಇದೇ ಹೆದ್ದಾರಿಯ ಊರುಗಳು. ಧರ್ಮಸ್ಥಳ, ಸುಬ್ರಹ್ಮಣ್ಯ, ಕಾರ್ಕಳ, ಕೊಲ್ಲೂರು, ಯಾಣ ಮಾತ್ರ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದವರಿಗೆ ಸಿಗುವ ಸ್ಥಳಗಳು.

ಈ ಎರಡು ದಿಕ್ಕುಗಳ ಪ್ರಯಾಣದ ಸ್ವಭಾವವೇ ಬೇರೆ. ಉತ್ತರ–ದಕ್ಷಿಣವಾಗಿ ಓಡಾಡುವವರಿಗೆ ರೈಲು ಮತ್ತು ಬಸ್ಸು ಧಾರಾಳವಾಗಿ ಸಿಗುತ್ತವೆ, ಕಾರಿನ ಅಗತ್ಯವೇ ಬೀಳುವುದಿಲ್ಲ. ಪೂರ್ವ–ಪಶ್ಚಿಮವಾಗಿ ಹೋಗುವಾಗ ಬಸ್ಸಿನ ಸಂಖ್ಯೆ ಇಳಿಯುತ್ತದೆ, ದಾರಿ ತಿರುವುಮುರುವಾಗುತ್ತದೆ, ಕೊನೆಯ ಬಸ್ಸು ಬೇಗನೆ ಹೊರಟುಹೋಗುತ್ತದೆ. ಆದ್ದರಿಂದ ಪ್ರವಾಸದ ಪೂರ್ತಿ ಅವಧಿಗೆ ಕಾರು ಗೊತ್ತು ಮಾಡುವ ಬದಲು ಉದ್ದಕ್ಕೆ ರೈಲು–ಬಸ್ಸು, ಅಡ್ಡಕ್ಕೆ ಒಂದೆರಡು ದಿನದ ಮಟ್ಟಿಗೆ ಕಾರು ಎಂಬ ಲೆಕ್ಕ ಹಾಕಿಕೊಂಡರೆ ಹಣವೂ ಉಳಿಯುತ್ತದೆ, ದಣಿವೂ ಕಡಿಮೆಯಾಗುತ್ತದೆ. ಮುಂದಿನ ಸಲಹೆಗಳೆಲ್ಲ ಈ ಲೆಕ್ಕವನ್ನೇ ಅನುಸರಿಸಿವೆ.

ಮೊದಲ ಹೆಜ್ಜೆ: ಎಲ್ಲಿ ಇಳಿಯಬೇಕು?

ಬೆಂಗಳೂರು ಕಡೆಯಿಂದ ಬರುವವರು ಅಭ್ಯಾಸಬಲದಿಂದ ಮಂಗಳೂರಿಗೇ ಟಿಕೆಟ್ ತೆಗೆಯುತ್ತಾರೆ. ನೋಡಬೇಕಾದುದು ಗೋಕರ್ಣ, ಮುರ್ಡೇಶ್ವರವಾಗಿದ್ದರೆ ಅದು ಸುತ್ತು ದಾರಿ. ಬೆಂಗಳೂರು–ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್ ಮಂಗಳೂರು ನಗರದೊಳಗೆ ಹೋಗದೆ ಪಡೀಲ್ ಮೂಲಕ ನೇರವಾಗಿ ಉತ್ತರಕ್ಕೆ ತಿರುಗುವುದರಿಂದ, ರಾತ್ರಿ ಹತ್ತಿದವರು ಬೆಳಗಿನ ಹೊತ್ತಿಗೆ ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ ಹೀಗೆ ತಮಗೆ ಬೇಕಾದ ಊರಿನಲ್ಲೇ ಇಳಿಯಬಹುದು. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾ ಹತ್ತಿರ. ಶಿವಮೊಗ್ಗ ಕಡೆಯವರಿಗೆ ಸಾಗರ, ಜೋಗದ ಮೂಲಕ ಹೊನ್ನಾವರ, ಇಲ್ಲವೇ ತೀರ್ಥಹಳ್ಳಿ, ಆಗುಂಬೆಯ ಮೂಲಕ ಉಡುಪಿ ಅನುಕೂಲ. ವಿಮಾನದಲ್ಲಿ ಬರುವವರಿಗೆ ಮಂಗಳೂರಿನ ಬಜ್ಪೆ ನಿಲ್ದಾಣವಿದೆ. ಕಾರವಾರವೇ ಗುರಿಯಾದರೆ ಗೋವಾದಲ್ಲಿ ಇಳಿದು ದಕ್ಷಿಣಕ್ಕೆ ಬರುವುದು ಲೇಸು.

ಮಂಗಳೂರಿನಲ್ಲೇ ಇಳಿಯುವವರು ಟಿಕೆಟ್‌ನಲ್ಲಿ ಯಾವ ನಿಲ್ದಾಣದ ಹೆಸರಿದೆ ಎಂಬುದನ್ನು ಸರಿಯಾಗಿ ಗಮನಿಸಬೇಕು. ಮಂಗಳೂರು ಸೆಂಟ್ರಲ್ ಹಂಪನಕಟ್ಟೆಗೆ ಸಮೀಪದಲ್ಲಿ, ನಗರದ ನಡುವೆ ಇದೆ. ಹಿಂದೆ ಕಂಕನಾಡಿ ಎಂದು ಕರೆಯುತ್ತಿದ್ದ ಮಂಗಳೂರು ಜಂಕ್ಷನ್ ಅಲ್ಲಿಂದ ಐದಾರು ಕಿಲೋಮೀಟರ್ ದೂರದಲ್ಲಿದೆ. ಕೇರಳ–ಮುಂಬೈ ನಡುವಿನ ಬಹುತೇಕ ರೈಲುಗಳು ಜಂಕ್ಷನ್‌ನಲ್ಲಷ್ಟೇ ನಿಲ್ಲುತ್ತವೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ನಿಲ್ದಾಣ ಆಗುವುದು ಸಾಮಾನ್ಯ. ವಾಪಸು ಹೊರಡುವ ದಿನ ತಪ್ಪು ನಿಲ್ದಾಣಕ್ಕೆ ಹೋಗಿ ರೈಲು ತಪ್ಪಿಸಿಕೊಳ್ಳುವವರು ಕಡಿಮೆ ಇಲ್ಲ.

ಎರಡನೆಯ ಹೆಜ್ಜೆ: ರೈಲಿನ ಲೆಕ್ಕಾಚಾರ

ಮಹಾರಾಷ್ಟ್ರದ ರೋಹಾದಿಂದ ಸುರತ್ಕಲ್ ಬಳಿಯ ತೋಕೂರಿನವರೆಗೆ ಸುಮಾರು 741 ಕಿಲೋಮೀಟರ್ ಉದ್ದದ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ಸಂಚಾರಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಗುಡ್ಡಗಳನ್ನು ಕೊರೆದು, ನದಿಗಳನ್ನು ದಾಟಿ, ಆದಷ್ಟು ನೇರವಾಗಿ ಹಳಿ ಹಾಕಿದ ಕಾರಣ ಅನೇಕ ನಿಲ್ದಾಣಗಳು ಊರ ಹೊರಗೆ ಉಳಿದಿವೆ. ನಿಲ್ದಾಣದ ಹೆಸರು ಊರಿನದೇ ಆಗಿದ್ದರೂ ಊರು ಅಲ್ಲಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣ ದೇವಸ್ಥಾನಕ್ಕೆ ಹತ್ತು ಕಿಲೋಮೀಟರಿನಷ್ಟಾಗುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆಗೆ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಮೂಕಾಂಬಿಕಾ ರೋಡ್ ಎಂಬ ಹೆಸರು ಹೊತ್ತಿರುವ ಬೈಂದೂರು ನಿಲ್ದಾಣದಿಂದ ಕೊಲ್ಲೂರಿಗೆ ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು. ಕಾರವಾರ, ಕುಂದಾಪುರ ನಿಲ್ದಾಣಗಳೂ ಪೇಟೆಯಿಂದ ದೂರವೇ.

ಉಡುಪಿಯದು ಇವೆಲ್ಲಕ್ಕಿಂತ ವಾಸಿ. ನಿಲ್ದಾಣ ಇಂದ್ರಾಳಿಯಲ್ಲಿದೆ. ರೈಲು ಬಂದ ಕೂಡಲೇ ಎದುರಿಗೆ ಸಾಲುಗಟ್ಟಿ ನಿಂತ ರಿಕ್ಷಾಗಳ ಕಡೆಗೆ ಎಲ್ಲರೂ ಧಾವಿಸುತ್ತಾರೆ. ಕೈಯಲ್ಲಿ ಭಾರವಿಲ್ಲದಿದ್ದರೆ ಸ್ವಲ್ಪ ದೂರ ನಡೆದು ಉಡುಪಿ–ಮಣಿಪಾಲ ರಸ್ತೆಗೆ ಬನ್ನಿ. ಅಲ್ಲಿ ಒಂದು ಬದಿಯಲ್ಲಿ ನಿಂತರೆ ಉಡುಪಿಗೂ ಎದುರು ಬದಿಯಲ್ಲಿ ನಿಂತರೆ ಮಣಿಪಾಲಕ್ಕೂ ಸಿಟಿ ಬಸ್ಸುಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಬೆಳಗಿನ ಜಾವ ಬಸ್ಸು ಶುರುವಾಗುವ ಮೊದಲೇ ಇಳಿದರೆ ಮಾತ್ರ ರಿಕ್ಷಾವೇ ಗತಿ.

ಕರಾವಳಿಯ ಬಹುಭಾಗದಲ್ಲಿ ಹಳಿ ಒಂಟಿಯಾದ್ದರಿಂದ ಎದುರಿನ ರೈಲಿಗೆ ದಾರಿ ಬಿಡಲು ಕ್ರಾಸಿಂಗ್‌ನಲ್ಲಿ ಕಾಯುವುದು ಅನಿವಾರ್ಯ. ಮಂಗಳೂರು ಸೆಂಟ್ರಲ್–ಮಡಗಾಂವ್ ನಡುವಿನ ಸಾಮಾನ್ಯ ರೈಲು ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ದರವೂ ಕಡಿಮೆ, ಆದರೆ ಇಂಥ ಕಾಯುವಿಕೆ ಅದಕ್ಕೆ ಹೆಚ್ಚು. ಆತುರವಿಲ್ಲದವರಿಗೆ ಇದು ನನ್ನ ಮೊದಲ ಆಯ್ಕೆ: ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳನ್ನು ಕಿಟಕಿಯ ಪಕ್ಕ ಕುಳಿತು ದಾಟುವ ಸುಖ ಹೆದ್ದಾರಿಯಲ್ಲಿ ವಾಹನ ಓಡಿಸುವವರಿಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕೊಂಕಣ ಮಾರ್ಗದ ರೈಲುಗಳು ವೇಗ ತಗ್ಗಿಸಿ ಓಡುತ್ತವೆ ಮತ್ತು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತ್ಯೇಕ ವೇಳಾಪಟ್ಟಿ ಜಾರಿಯಲ್ಲಿರುತ್ತದೆ. ಬೇಸಿಗೆಯಲ್ಲಿ ಬಂದಾಗ ಬರೆದಿಟ್ಟುಕೊಂಡ ಸಮಯವನ್ನು ಜುಲೈನಲ್ಲಿ ನಂಬಿಕೊಂಡರೆ ರೈಲು ತಪ್ಪುತ್ತದೆ. ಹೊರಡುವ ಹಿಂದಿನ ದಿನ 139ಕ್ಕೆ ಕರೆ ಮಾಡಿಯೋ ರೈಲ್ವೆಯ ಆ್ಯಪ್‌ನಲ್ಲಿ ನೋಡಿಯೋ ಖಚಿತಪಡಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಬಸ್ಸು ಹತ್ತುವ ಮುನ್ನ

ರಾಜ್ಯದ ಬೇರೆ ಭಾಗಗಳಿಂದ ಬಂದವರಿಗೆ ಇಲ್ಲಿ ಮೊದಲು ಕಾಣುವ ವ್ಯತ್ಯಾಸವೆಂದರೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಮೇಲುಗೈ. ಅವುಗಳಲ್ಲಿ ಮೂರು ಬಗೆ. ನಗರದೊಳಗೆ ಸುತ್ತುವವು ಸಿಟಿ ಬಸ್ಸುಗಳು. ಹತ್ತಿರದ ಊರುಗಳಿಗೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತ ಹೋಗುವವು ಸರ್ವಿಸ್ ಬಸ್ಸುಗಳು. ಮಂಗಳೂರು–ಉಡುಪಿ–ಕುಂದಾಪುರದಂಥ ದಾರಿಯಲ್ಲಿ ಮುಖ್ಯ ನಿಲ್ದಾಣಗಳಲ್ಲಷ್ಟೇ ನಿಲ್ಲುವವು ಎಕ್ಸ್‌ಪ್ರೆಸ್ ಬಸ್ಸುಗಳು. ಸಣ್ಣ ಊರಿನಲ್ಲಿ ಇಳಿಯಬೇಕಾದವರು ಎಕ್ಸ್‌ಪ್ರೆಸ್ ಹತ್ತಿದರೆ ಮುಂದಿನ ದೊಡ್ಡ ನಿಲ್ದಾಣದವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ. ಹತ್ತುವ ಮೊದಲೇ ಕಂಡಕ್ಟರರನ್ನು ಕೇಳುವುದು ಒಳ್ಳೆಯದು. ಆತ ಬಾಗಿಲಲ್ಲಿ ನಿಂತು ಸೀಟಿ ಊದುತ್ತ, ಊರುಗಳ ಹೆಸರು ಕೂಗುತ್ತ, ತುಳುವಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ನಿಮ್ಮ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸುತ್ತಾನೆ. ಉತ್ತರ ಚುಟುಕಾಗಿದ್ದರೂ ಸರಿಯಾಗಿರುತ್ತದೆ. ಇಳಿಯುವ ಜಾಗದ ಹೆಸರನ್ನು ಹೇಳಿಟ್ಟರೆ ಬಂದಾಗ ತಾನಾಗಿ ಎಚ್ಚರಿಸುವ ಕಂಡಕ್ಟರರೇ ಹೆಚ್ಚು.

ಎರಡನೆಯ ತೊಡಕು ಬಸ್ ನಿಲ್ದಾಣಗಳದ್ದು. ಮಂಗಳೂರಿನಲ್ಲಿ ಸರಕಾರಿ ಬಸ್ಸುಗಳ ನಿಲ್ದಾಣ ಬಿಜೈಯಲ್ಲಿದೆ. ಖಾಸಗಿ ಸಿಟಿ ಮತ್ತು ಸರ್ವಿಸ್ ಬಸ್ಸುಗಳು ಹೊರಡುವುದು ‘ಸ್ಟೇಟ್‌ಬ್ಯಾಂಕ್’ ಎಂದೇ ಎಲ್ಲರೂ ಕರೆಯುವ ಜಾಗದಿಂದ. ಉಡುಪಿಯಲ್ಲೂ ಸಿಟಿ ಬಸ್ಸಿಗೆ, ಸರ್ವಿಸ್ ಬಸ್ಸಿಗೆ, ಸರಕಾರಿ ಬಸ್ಸಿಗೆ ಬೇರೆಬೇರೆ ನಿಲ್ದಾಣಗಳು. ಬರಿದೇ ‘ಬಸ್‌ಸ್ಟ್ಯಾಂಡ್’ ಎಂದು ರಿಕ್ಷಾದವರಿಗೆ ಹೇಳಿದರೆ ಸಾಲದು. ಯಾವ ಊರಿಗೆ, ಯಾವ ಬಸ್ಸು ಎಂಬುದನ್ನೂ ಸೇರಿಸಿ ಹೇಳಬೇಕು.

ಕುಂದಾಪುರ ದಾಟಿ ಉತ್ತರಕ್ಕೆ ಹೋದಂತೆ ಚಿತ್ರ ಬದಲಾಗುತ್ತದೆ. ಉತ್ತರ ಕನ್ನಡದಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೇ ಪ್ರಧಾನ. ಧರ್ಮಸ್ಥಳ, ಸುಬ್ರಹ್ಮಣ್ಯ, ಪುತ್ತೂರು ಭಾಗದಲ್ಲೂ ಸರಕಾರಿ ಬಸ್ಸುಗಳು ಸಾಕಷ್ಟಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಹಾಗೂ ಖಾಸಗಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ಮಂಗಳೂರು–ಉಡುಪಿ ನಡುವೆ ಎದುರಿಗೆ ಬಂದ ಬಸ್ಸು ಹತ್ತಿ ಆಮೇಲೆ ಗುರುತಿನ ಚೀಟಿ ತೋರಿಸುವ ಪ್ರಸಂಗ ಆಗಾಗ ನಡೆಯುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಬಸ್ಸಿನಲ್ಲಿ ಒಳನಾಡಿಗೆ ಹೋಗುವವರು ಕಲಿಯಬೇಕಾದ ಮುಖ್ಯ ವಿದ್ಯೆಯೆಂದರೆ ಕ್ರಾಸ್‌ಗಳನ್ನು ಗುರುತಿಸುವುದು. ನೇರ ಬಸ್ಸಿಗಾಗಿ ಗಂಟೆಗಟ್ಟಲೆ ಕಾಯುವ ಬದಲು ಹೆದ್ದಾರಿಯ ಬಸ್ಸು ಹಿಡಿದು ಕ್ರಾಸ್‌ನಲ್ಲಿ ಇಳಿದು ಬದಲಿಸಿದರೆ ಬೇಗ ತಲುಪಬಹುದು. ಕೊಲ್ಲೂರಿಗೆ ಕುಂದಾಪುರದ ಉತ್ತರದ ಹೆಮ್ಮಾಡಿ; ಕಾರ್ಕಳಕ್ಕೆ ಪಡುಬಿದ್ರಿ; ಕಿನ್ನಿಗೋಳಿ, ಕಟೀಲು ಕಡೆಗೆ ಮೂಲ್ಕಿ; ಗೋಕರ್ಣಕ್ಕೆ ಮಾದನಗೇರಿ. ಮಂಗಳೂರಿನಿಂದ ಪೂರ್ವಕ್ಕೆ ಹೋಗುವಾಗ ಬಿ.ಸಿ. ರೋಡ್ ಎಲ್ಲಕ್ಕೂ ದೊಡ್ಡ ಕವಲು. ಅಲ್ಲಿ ಒಂದು ದಾರಿ ಬೆಳ್ತಂಗಡಿ, ಉಜಿರೆಯ ಕಡೆಗೂ ಇನ್ನೊಂದು ಮಾಣಿ, ಉಪ್ಪಿನಂಗಡಿಯ ಕಡೆಗೂ ಒಡೆಯುತ್ತವೆ. ಉಡುಪಿಯಿಂದ ಧರ್ಮಸ್ಥಳಕ್ಕೆ ಹೋಗುವವರು ಮಂಗಳೂರಿಗೆ ಬರಬೇಕಾಗಿಯೇ ಇಲ್ಲ. ಕಾರ್ಕಳ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಮಾರ್ಗ ನೇರವಾಗಿದೆ.

ಹೆಸರು ಒಂದೇ ಆಗಿರುವ ಊರುಗಳ ಬಗ್ಗೆಯೂ ಜಾಗ್ರತೆ ಬೇಕು. ಬೈಂದೂರಿನ ಬಳಿ ಒಂದು ಶಿರೂರು, ಅಂಕೋಲಾ ತಾಲೂಕಿನಲ್ಲಿ ಇನ್ನೊಂದು. ಘಟ್ಟದ ಬುಡದಲ್ಲಿ ಕುಂದಾಪುರ ಸೀಮೆಯ ಸಿದ್ದಾಪುರ, ಘಟ್ಟದ ಮೇಲೆ ಉತ್ತರ ಕನ್ನಡದ ತಾಲೂಕು ಕೇಂದ್ರವಾದ ಸಿದ್ದಾಪುರ. ಬಸ್ಸಿನ ಬೋರ್ಡಿನಲ್ಲಿ ಹೆಸರಷ್ಟೇ ಓದಿ ಹತ್ತಬೇಡಿ, ಯಾವ ದಾರಿಯಾಗಿ ಹೋಗುತ್ತದೆ ಎಂದು ಕೇಳಿ.

ಗ್ರಾಮೀಣ ದಾರಿಗಳಲ್ಲಿ ಸಂಜೆಯಾದಂತೆ ಬಸ್ಸುಗಳು ವಿರಳವಾಗುತ್ತವೆ, ರಾತ್ರಿ ಎಂಟರ ಬಳಿಕ ನಂಬಿಕೊಳ್ಳುವಂತಿಲ್ಲ. ಒಳಗಿನ ಊರಿಗೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಹಿಂದಿರುಗುವ ಕೊನೆಯ ಬಸ್ಸಿನ ಸಮಯ ವಿಚಾರಿಸುವುದು. ನಿಲ್ದಾಣದ ಎದುರಿನ ಅಂಗಡಿಯವರಿಗೆ ಅದು ಬಾಯಿಪಾಠವಾಗಿರುತ್ತದೆ. ಕೊನೆಯ ಬಸ್ಸನ್ನಲ್ಲ, ಅದರ ಹಿಂದಿನ ಬಸ್ಸನ್ನು ಗುರಿಯಾಗಿಟ್ಟುಕೊಳ್ಳಿ. ಒಂದು ತಪ್ಪಿದರೂ ಇನ್ನೊಂದು ಇರುತ್ತದೆ.

ರಿಕ್ಷಾ, ಟೆಂಪೋ, ದೋಣಿ

ಕರಾವಳಿಯಲ್ಲಿ ಆಟೋವನ್ನು ರಿಕ್ಷಾ ಎನ್ನುವುದೇ ರೂಢಿ. ಪೇಟೆಯೊಳಗೆ ಮೀಟರ್ ಹಾಕಲು ಕೇಳಿ. ಊರ ಹೊರಗಿನ ದೂರಕ್ಕೆ ಹತ್ತುವ ಮೊದಲೇ ಹೋಗಿ–ಬರುವ ದರವನ್ನೂ ಕಾಯುವ ದರವನ್ನೂ ಸೇರಿಸಿ ಮಾತಾಡಿಕೊಳ್ಳಿ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಜನ ತುಂಬಿದ ಮೇಲೆ ಹೊರಡುವ ಟೆಂಪೋಗಳಿವೆ. ಹತ್ತಿರದ ಹಳ್ಳಿಗಳಿಗೆ ಅವು ಬಸ್ಸಿಗಿಂತ ಬೇಗ ಸಿಗುತ್ತವೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ, ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿ ಮತ್ತು ತಣ್ಣೀರುಬಾವಿಗಳ ನಡುವೆ ನದಿ ದಾಟಲು ದೋಣಿಯಿದೆ; ರಸ್ತೆಯ ದೊಡ್ಡ ಸುತ್ತು ಇದರಿಂದ ತಪ್ಪುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟುಗಳು ಮಳೆಗಾಲದಲ್ಲಿ ಪೂರ್ತಿ ನಿಂತಿರುತ್ತವೆ.

ನಾಲ್ಕನೆಯ ಹೆಜ್ಜೆ: ಕಾರು ಯಾವಾಗ, ಹೇಗೆ?

ಒಂದೇ ದಿನ ಒಳನಾಡಿನ ಮೂರು–ನಾಲ್ಕು ಸ್ಥಳ ನೋಡಬೇಕಾದಾಗ, ವಯಸ್ಸಾದವರು ಜೊತೆಗಿರುವಾಗ, ಯಾಣದಂತೆ ಬಸ್ಸು ತೀರ ಕಡಿಮೆ ಇರುವ ಕಡೆಗೆ ಹೋಗುವಾಗ ಕಾರು ಬೇಕೇ ಬೇಕು. ಚಾಲಕನಿರುವ ಟ್ಯಾಕ್ಸಿಯಾದರೆ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ, ಚಾಲಕನ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರ ಪಾಲು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಕರಾವಳಿಯ ಘಟ್ಟಗಳಲ್ಲಿ ಓಡಿಸಿ ಅಭ್ಯಾಸವಿಲ್ಲದವರಿಗೆ ನನ್ನ ಸಲಹೆ ಇದೇ: ಸ್ಥಳೀಯ ಚಾಲಕನಿರುವ ಟ್ಯಾಕ್ಸಿ. ತಾವೇ ಓಡಿಸಲು ಕಾರು ಪಡೆಯುವವರು ನಂಬರ್ ಪ್ಲೇಟನ್ನು ಗಮನಿಸಬೇಕು. ಬಾಡಿಗೆಗೆ ಕೊಡಲು ಪರವಾನಗಿ ಪಡೆದ ಕಾರಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಪಡೆಯುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ತಕರಾರು ನಿಮ್ಮ ತಲೆಗೇ ಬರುತ್ತದೆ.

ಹೆದ್ದಾರಿ 66ರಲ್ಲಿ ತಲಪಾಡಿ, ಹೆಜಮಾಡಿ, ಸಾಸ್ತಾನ, ಬೈಂದೂರು ಬಳಿಯ ಶಿರೂರು ಹೀಗೆ ಅಲ್ಲಲ್ಲಿ ಟೋಲ್ ಗೇಟುಗಳಿವೆ, ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ರಸ್ತೆ ಅಗಲವಾಗಿದೆ ಎಂದು ವೇಗ ಹೆಚ್ಚಿಸುವ ಮುನ್ನ ಒಂದು ಸಂಗತಿ ನೆನಪಿರಲಿ: ಈ ಹೆದ್ದಾರಿ ಊರುಗಳ ನಡುವೆಯೇ ಹಾದುಹೋಗುತ್ತದೆ. ಡಿವೈಡರ್ ತೆರೆದಿರುವ ಕಡೆ ಸ್ಕೂಟರಿನವರು ಥಟ್ಟನೆ ತಿರುಗುತ್ತಾರೆ, ಎದುರು ದಿಕ್ಕಿನಿಂದ ಬರುವವರೂ ಇದ್ದಾರೆ, ರಾತ್ರಿ ದನಗಳು ರಸ್ತೆಯಲ್ಲೇ ಮಲಗಿರುತ್ತವೆ, ಎಕ್ಸ್‌ಪ್ರೆಸ್ ಬಸ್ಸುಗಳು ಬಲು ರಭಸದಿಂದ ಹಿಂದಿಕ್ಕುತ್ತವೆ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಕಂಡು ಅನೇಕರು ರಸ್ತೆಯಂಚಿನಲ್ಲೇ ಗಾಡಿ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡದೆ ಸ್ವಲ್ಪ ಮುಂದೆ ಹೋಗಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನಡೆದು ಬನ್ನಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಬೇರೆ ಯಾವುದೇ ತುರ್ತಿಗೆ 112.

ಐದನೆಯ ಹೆಜ್ಜೆ: ಘಟ್ಟ ಮತ್ತು ಮಳೆ

ಕರಾವಳಿಗೆ ಇಳಿಯುವ ಘಟ್ಟಗಳು ಒಂದೊಂದೂ ಒಂದೊಂದು ಬಗೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿಯಲ್ಲಿ ಲಾರಿ, ಟ್ಯಾಂಕರುಗಳ ಸಾಲು ವಿಪರೀತ. ಹಗಲಿಗಿಂತ ರಾತ್ರಿ ಬೇಗ ಇಳಿಯಬಹುದು ಎಂಬ ಲೆಕ್ಕ ಬಹಳ ಸಲ ತಪ್ಪಾಗುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವವರು ಇದೇ ಘಟ್ಟದ ಬುಡದ ಗುಂಡ್ಯದಲ್ಲಿ ಎಡಕ್ಕೆ ತಿರುಗುತ್ತಾರೆ. ಮೂಡಿಗೆರೆ–ಉಜಿರೆ ನಡುವಿನ ಚಾರ್ಮಾಡಿ ಕಣ್ಣಿಗೆ ಹಬ್ಬವಾದರೂ ಮಂಜಿನಲ್ಲಿ ಎದುರಿನ ತಿರುವೇ ಕಾಣುವುದಿಲ್ಲ. ಆಗುಂಬೆಯ ಹೇರ್‌ಪಿನ್ ತಿರುವುಗಳು ಬಹಳ ಇಕ್ಕಟ್ಟು, ಭಾರೀ ವಾಹನಗಳಿಗೆ ಅಲ್ಲಿ ನಿರ್ಬಂಧವಿದೆ. ಮಡಿಕೇರಿ ಕಡೆಯಿಂದ ಸಂಪಾಜೆ, ಹೊಸನಗರ ಕಡೆಯಿಂದ ಹುಲಿಕಲ್, ಶಿರಸಿ ಕಡೆಯಿಂದ ದೇವಿಮನೆ ಘಟ್ಟದ ದಾರಿಗಳಿವೆ. ಕಾರ್ಕಳ–ಕುದುರೆಮುಖ ರಸ್ತೆ ರಾಷ್ಟ್ರೀಯ ಉದ್ಯಾನದ ಮೂಲಕ ಹಾದುಹೋಗುವುದರಿಂದ ಚೆಕ್‌ಪೋಸ್ಟ್‌ನಲ್ಲಿ ವಿವರ ಕೊಡಬೇಕು, ನಡುವೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಯಾವ ಘಟ್ಟವಾದರೂ ಹತ್ತುವ ಅಥವಾ ಇಳಿಯುವ ಮುನ್ನ ಬಂಕ್‌ನಲ್ಲಿ ಇಂಧನ ತುಂಬಿಸಿ, ಫೋನಿನಲ್ಲಿ ನಕ್ಷೆ ಉಳಿಸಿಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ.

ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿಕೊಳ್ಳದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಇಕ್ಕಟ್ಟಾದ ಜಾಗದಲ್ಲಿ ಹತ್ತುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ, ದಾಕ್ಷಿಣ್ಯದ ಮಾತಲ್ಲ. ತಿರುವಿನಲ್ಲಿ ಹಾರ್ನ್, ಮಂಜಿನಲ್ಲಿ ಲೋ ಬೀಮ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇಲ್ಲಿ ಪ್ರಯಾಣದ ಲೆಕ್ಕವನ್ನೇ ಬದಲಿಸುತ್ತದೆ. 2019ರ ಆಗಸ್ಟ್‌ನ ಭೂಕುಸಿತಗಳ ನಂತರ ಚಾರ್ಮಾಡಿ ಘಟ್ಟ ಭಾರೀ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆಯೇ ಗುಡ್ಡ ಕುಸಿದು ಹಲವರು ಜೀವ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇವನ್ನು ಹೆದರಿಸಲು ಹೇಳುತ್ತಿಲ್ಲ. ಮಳೆಗಾಲದ ಕರಾವಳಿಯಷ್ಟು ಸೊಗಸು ಬೇರೆ ಕಾಲದಲ್ಲಿ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಜಿಲ್ಲಾಡಳಿತ ರೆಡ್ ಅಲರ್ಟ್ ಘೋಷಿಸಿದ ದಿನ ಘಟ್ಟದ ಪ್ರಯಾಣವನ್ನು ಮುಂದೂಡಿ, ಗುಡ್ಡ ಕಡಿದು ರಸ್ತೆ ಮಾಡಿದ ಜಾಗದಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ, ಕತ್ತಲಾದ ಮೇಲೆ ಘಟ್ಟಕ್ಕೆ ಇಳಿಯಬೇಡಿ. ಆ ದಿನ ಯಾವ ಘಟ್ಟ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಬೆಳಗಿನ ಸ್ಥಳೀಯ ಸುದ್ದಿಯಲ್ಲಿ ನೋಡಿಕೊಂಡೇ ಹೊರಡಬೇಕು.

ಜನಜಂಗುಳಿಯ ದಿನಗಳೂ ಹೀಗೆಯೇ ಲೆಕ್ಕಕ್ಕೆ ಬರಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿಯ ಪರ್ಯಾಯ, ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ, ಕುಕ್ಕೆಯ ಚಂಪಾಷಷ್ಠಿಯ ಹೊತ್ತಿಗೆ ಪೇಟೆಯೊಳಗೆ ಕಾರು ತರುವುದಕ್ಕಿಂತ ಬಸ್ಸಿನಲ್ಲಿ ಬಂದು ನಡೆಯುವುದೇ ಸರಿ.

ಎಲ್ಲವನ್ನೂ ಸೇರಿಸಿದ ಒಂದು ದಾರಿ

ಐದು ದಿನ ಕೈಯಲ್ಲಿದ್ದರೆ ಹೀಗೆ ಮಾಡಬಹುದು. ಪಂಚಗಂಗಾದಲ್ಲಿ ಬಂದು ಉಡುಪಿಯಲ್ಲಿ ಇಳಿದು, ಮೊದಲ ದಿನ ಕೃಷ್ಣ ಮಠ, ಮಲ್ಪೆ, ಮಣಿಪಾಲಗಳನ್ನು ಸಿಟಿ ಬಸ್ಸಿನಲ್ಲೇ ಸುತ್ತಿ. ಎರಡನೆಯ ದಿನಕ್ಕೆ ಮಾತ್ರ ಟ್ಯಾಕ್ಸಿ: ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕೆರೆಯ ನಡುವಿನ ವರಂಗದ ಬಸದಿ ನೋಡಿ ಸಂಜೆಗೆ ವಾಪಸು. ಮೂರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಹೆಮ್ಮಾಡಿಗೆ, ಅಲ್ಲಿಂದ ಕೊಲ್ಲೂರಿಗೆ. ದರ್ಶನ, ಊಟ ಮುಗಿಸಿ ಬೈಂದೂರಿಗೆ ಇಳಿದು ಉತ್ತರದ ರೈಲು ಅಥವಾ ಬಸ್ಸು ಹಿಡಿದು ಗೋಕರ್ಣ ಸೇರಬಹುದು. ನಾಲ್ಕನೆಯ ದಿನ ಪೂರ್ತಿ ಗೋಕರ್ಣಕ್ಕೇ ಇರಲಿ. ಅಲ್ಲಿ ಕಾಲ್ನಡಿಗೆಯೇ ಉತ್ತಮ ವಾಹನ.

ಕೊನೆಯ ದಿನ ಹೆದ್ದಾರಿಯ ಬದಿಯಲ್ಲೇ ಸಿಗುವ ಮಿರ್ಜಾನ್ ಕೋಟೆ ನೋಡಿಕೊಂಡು ಕುಮಟಾದಲ್ಲಿ ಬೆಂಗಳೂರಿನ ರೈಲು ಹತ್ತಿ. ಗೋಕರ್ಣ ರೋಡ್‌ನಲ್ಲೂ ಅದು ನಿಲ್ಲುತ್ತದೆಯಾದರೂ ಕುಮಟಾ ನಿಲ್ದಾಣಕ್ಕೆ ಪೇಟೆ ಹತ್ತಿರ, ಊಟ–ತಿಂಡಿಗೆ ಅನುಕೂಲ, ಬಸ್ಸು ತಡವಾದರೂ ರಿಕ್ಷಾ ಸಿಗುತ್ತದೆ. ಶುಕ್ರವಾರ, ಭಾನುವಾರಗಳಂದು ಈ ರೈಲಿಗೆ ಬಹಳ ಬೇಡಿಕೆ. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುವುದರಿಂದ ಹೋಗುವ ಟಿಕೆಟ್ಟಿಗಿಂತ ಮೊದಲು ವಾಪಸಿನ ಟಿಕೆಟ್ ಮಾಡಿಸಿ. ಅದು ಸಿಗದಿದ್ದರೆ ಹಿಂದಿನ ದಿನ ಬೆಳಿಗ್ಗೆ ತೆರೆಯುವ ತತ್ಕಾಲ್‌ನಲ್ಲಿ ಎಸಿ ದರ್ಜೆಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ಪ್ರಯತ್ನಿಸಬಹುದು. ಅದೂ ಆಗದಿದ್ದರೆ ಕುಮಟಾದಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಿವೆ.